ಕಲ್ಲುಗುಂಡಿ ಗದ್ದೆಯ ತೆನೆಹೊರೆ

ತಲ್ಲೂರಿನ ಮಂಜಯ್ಯ ಶೆಟ್ಟರು ಸಿಟ್ಟು ಬಂದಾಗ ಯಾರನ್ನೂ ಬೈಯುತ್ತಿರಲಿಲ್ಲ, ಎಡಗೈಯನ್ನು ಸೊಂಟಕ್ಕಿಟ್ಟು, ಗಂಟಲು ಸರಿಮಾಡಿಕೊಂಡು, "ಇದ್ ನ್ಯಾಯವಾ?" ಎಂದು ಕೇಳುತ್ತಿದ್ದರು. ಹಗ್ಗ ಹರಿದುಕೊಂಡ ಕೋಣನನ್ನು ಕೇಳುತ್ತಿದ್ದರು, ಹಪ್ಪಳ ಒಣಹಾಕಿದ ಹೊತ್ತಿಗೇ ಸುರಿದ ಮಳೆಯನ್ನು ಕೇಳುತ್ತಿದ್ದರು. ಸಾರಿಗೆ ಉಪ್ಪು ಮರೆತ ಹೆಂಡತಿ ಗುಲಾಬಿಯನ್ನು ಕೇಳುವ ಧೈರ್ಯ ಮಾತ್ರ ಅವರಿಗಿರಲಿಲ್ಲ. ದೀರ್ಘಕಾಯದ ಮನುಷ್ಯ, ಗದ್ದೆಯಂಚಿನಲ್ಲಿ ನಡೆದು ನಡೆದು ಅಗಲವಾದ ರಸ್ತೆಯಲ್ಲೂ ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟೇ ಸಾಗುವವರು. ಅವರ ಮೈಮೇಲೆ ಕರಿಕೋಟು ಏರುತ್ತಿದ್ದುದು ವರ್ಷಕ್ಕೊಂದೇ ದಿನ, ಹೊಳೆಯಾಚೆಯ ಕಲ್ಲಿನ ಇಗರ್ಜಿಗೆ ಹೋಗುವಾಗ.

ಆ ಪುರಾತನ ಇಗರ್ಜಿಯ ಮುರಕಲ್ಲುಗಳೆಲ್ಲ ಶೆಟ್ಟರ ಹಿರಿಯರು ಬಿಟ್ಟುಕೊಟ್ಟ ನೆಲದಲ್ಲಿ ಕಡಿದವು. ಕಲ್ಲು ತೆಗೆದ ಗುಂಡಿಗೆ ಇಗರ್ಜಿಯ ಜನರೇ ಮಣ್ಣು ಹೊತ್ತು ಗದ್ದೆ ಮಾಡಿಕೊಟ್ಟರು. ಅಂದಿನಿಂದ ಕಲ್ಲುಗುಂಡಿ ಗದ್ದೆಯ ಮೊದಲ ತೆನೆ ಇಗರ್ಜಿಯ ತೆನೆಹಬ್ಬಕ್ಕೆ. ಪಾದ್ರಿಗಳು ಅದನ್ನು ಹರಸಿ ಮನೆಗೊಂದು ಕದಿರು ಹಂಚಿದ ಮೇಲೆಯೇ ಅಲ್ಲಿನವರಿಗೆ ಹಬ್ಬದೂಟ. ಹೊರೆಯನ್ನು ಮನೆಯ ಯಜಮಾನನೇ ಹೊರಬೇಕು, ಇಗರ್ಜಿಯ ಮೆಟ್ಟಿಲು ಸೇರುವ ತನಕ ನೆಲಕ್ಕಿಡಬಾರದು.

ಯುದ್ಧದ ವರ್ಷಗಳಲ್ಲಿ ಸರಕಾರದವರು ಬಂದು ಶೆಟ್ಟರ ಕಣಜದ ಭತ್ತ ಅಳೆದು ಒಯ್ದಾಗ ಅವರು ತುಟಿಪಿಟಕ್ಕೆನ್ನಲಿಲ್ಲ. ಆದರೆ ನಲವತ್ತನಾಲ್ಕರ ಹಬ್ಬದ ಬೆಳಿಗ್ಗೆ, ದೋಣಿ ಹತ್ತುವಲ್ಲಿ ಕಾವಲಿದ್ದ ಹೊಸ ಗುಮಾಸ್ತನೊಬ್ಬ ಅವರನ್ನು ತಡೆದ.

"ಪರ್ಮಿಟ್ ಇಲ್ಲದೆ ಭತ್ತ ಹೊಳೆ ದಾಟುವಂತಿಲ್ಲ. ಹೊರೆ ಇಳಿಸಿ, ತೂಗಬೇಕು."

"ದೇವ್ರ್ ಮುಂದೆ ಇಡು ಕದ್ರಿಗೂ ಪರ್ಮಿಟ್ಟಾ? ಇದ್ ನ್ಯಾಯವಾ?"

ಭತ್ತಕ್ಕೂ ತೆನೆಗೂ ವ್ಯತ್ಯಾಸ ತಿಳಿಯದವನ ಕೈಯಲ್ಲಿ ಊರಿನ ಅನ್ನದ ಕೀಲಿ! ಇಂದು ನೆನೆದರೂ ಮೈ ಉರಿಯುತ್ತದೆ. ಶೆಟ್ಟರು ಹೊರೆ ಇಳಿಸಲಿಲ್ಲ, ಹಿಂದಿರುಗಲೂ ಇಲ್ಲ. ಬಿಸಿಲೇರಿತು, ಕೋಟು ಬೆವರಿನಲ್ಲಿ ತೊಯ್ದು ಬೆನ್ನಿಗಂಟಿತು. ಅವರನ್ನು ಕೊರೆಯುತ್ತಿದ್ದುದು ಕತ್ತಿನ ನೋವಲ್ಲ, ಒಂದು ಭಯ: ಕಾದು ಬೇಸತ್ತು ಇಗರ್ಜಿಯವರು ಬೇರೆ ಯಾವುದಾದರೂ ಗದ್ದೆಯ ತೆನೆ ತರಿಸಿ ಹರಸಿಬಿಟ್ಟರೆ, ನಾಲ್ಕು ತಲೆಮಾರಿನ ನಡೆ ತನ್ನ ತಲೆಯ ಮೇಲೆಯೇ ನಿಂತುಹೋಗುತ್ತದೆ.

ದೋಣಿಯ ಸೂರ ಬಳಿ ಬಂದು ಪಿಸುಗುಟ್ಟಿದ: "ಹ್ವಾಯ್ ಶೆಟ್ರೆ, ಆಚಿ ಬದಿಗ್ ಬನ್ನಿ, ಮರೆಯಂಗೆ ದಾಟಿಸ್ತೆ."

"ಕದ್ದ್ ಕೊಂಡ್ ಹೋಪುಕೆ ಇದೆಂತ ಕಳ್ಳ ಮಾಲಾ? ನಾ ಇಲ್ಲೇ ನಿತ್ಕಂತೆ."

ಸೂರ ದೋಣಿಯನ್ನು ಗೂಟಕ್ಕೆ ಬಿಗಿದು, ಶೆಟ್ರು ದಾಟದೆ ತಾನೂ ದಾಟೆನೆಂದು ಕುಳಿತ. ಗುಮಾಸ್ತನ ಊಟದ ಬುತ್ತಿ ನಿತ್ಯ ಬರುತ್ತಿದ್ದುದು ಆಚೆ ದಡದಿಂದ, ಅದೇ ದೋಣಿಯಲ್ಲಿ. ಮಧ್ಯಾಹ್ನ ಎರಡರ ತನಕ ತಡೆದ ಅವನ ಕಾನೂನು, ಹೊಟ್ಟೆ ಚುರುಗುಟ್ಟಿದಾಗ ಸಡಿಲಾಯಿತು.

ಆಚೆ ದಡದಲ್ಲಿಳಿದ ಶೆಟ್ಟರು ಓಡಿದರೆಂದೇ ಹೇಳಬೇಕು. ಪೂಜೆ ಯಾವಾಗಲೋ ಮುಗಿದಿತ್ತು. ಆದರೆ ಇಗರ್ಜಿಯ ಮೆಟ್ಟಿಲುಗಳ ಮೇಲೆ ಪಾದ್ರಿಗಳಿಂದ ಹಿಡಿದು ಎಳೆಮಕ್ಕಳವರೆಗೆ ಎಲ್ಲರೂ ಬಾಡಿದ ಮುಖ ಹೊತ್ತು ಕುಳಿತೇ ಇದ್ದರು. ಶೆಟ್ಟರಿಗೆ ಅಲ್ಲಿಯೂ ಸಿಟ್ಟೇ ಬಂತು.

"ಮಕ್ಕಳ್ನ್ ಉಪಾಸ ಕೂರ್ಸಿದ್ರಿಯಲೆ, ಇದ್ ನ್ಯಾಯವಾ?"

ಎಲ್ಲರಿಗಿಂತ ಹಿರಿಯಳಾದ ಪಾವ್ಲಿನ್ ಬಾಯಿ ಎದ್ದು ಬಂದು ಹೊರೆ ಇಳಿಸಲು ಕೈಜೋಡಿಸಿದಳು. "ನೀವ್ ಬರ್ದೆ ನಾವ್ ಉಂಡ್ರೆ, ಅದ್ ನ್ಯಾಯವಾ ಶೆಟ್ರೆ?"

ಆ ಪ್ರಶ್ನೆಯನ್ನು ಆಯುಷ್ಯವಿಡೀ ಲೋಕಕ್ಕೆ ಹಾಕಿದ್ದ ಮನುಷ್ಯ ಅದನ್ನು ತಾನು ಕೇಳಿಸಿಕೊಂಡದ್ದು ಅಂದೇ ಮೊದಲು. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು, ಬರಿಗಾಲಲ್ಲಿ ಮೆಟ್ಟಿಲ ಮೇಲೆ ಅವರ ನಡುವೆಯೇ ಕುಳಿತರು.

ತಮ್ಮದನ್ನು ಕಸಿದುಕೊಂಡಾಗ ಸುಮ್ಮನಿದ್ದು, ಕೊಡಲು ಬಿಡದಿದ್ದಾಗ ಸಿಡಿದೇಳುವ ಜನರಿದ್ದಾರೆ. ಅಧಿಕಾರಕ್ಕೆ ಅವರ ಸಿಟ್ಟು ಎಂದೂ ಅರ್ಥವಾಗುವುದಿಲ್ಲ. ಅದನ್ನು ಇಳಿಸುವ ಶಕ್ತಿ ಇರುವುದು ಅವರಿಗಾಗಿ ಹಸಿದು ಕಾದವರಿಗೆ ಮಾತ್ರ.