ಏಣಿ ನಿಲ್ಲುತ್ತಿದ್ದ ಜಾಗ

ಮಡಚಿದ ಟವೆಲ್ಲುಗಳ ಕಟ್ಟು ಧೊಪ್ಪನೆ ಒದ್ದೆ ನೆಲಕ್ಕೆ ಬಿತ್ತು. "ಮತ್ತೆ ಹಾಗೇ ಎಸೆದ್ಯಾ?" ಎಂದು ಮೇಲ್ವಿಚಾರಕಿ ಕೂಗಿದಳು.

ಎಸೆದ ಕುಳ್ಳಿ ಇನ್ನೂ ಆ ಕಡೆ ತಿರುಗಿಯೂ ಇರಲಿಲ್ಲ. ಆ ಹೋಟೆಲ್ಲಿನ ಲಾಂಡ್ರಿಯಲ್ಲಿ ಅವಳು ನೋಡದೆಯೇ ಎಡಕ್ಕೆ ಎಸೆಯುವುದು, ಏಣಿ ಅದನ್ನು ಹಿಡಿದು ಕಪಾಟಿನ ಮೇಲಿನ ಸಾಲಿಗೆ ಸೇರಿಸುವುದು ವರ್ಷಾನುಗಟ್ಟಲೆ ನಡೆದುಬಂದಿತ್ತು. ಏಣಿ ಎಂದರೆ ಮರದ್ದಲ್ಲ, ಎತ್ತರಕ್ಕೆ ಆ ಹೆಸರು ಬಿದ್ದ ಅವಳ ಗೆಳತಿ. ನೌಕರರ ಬಾಸ್ಕೆಟ್‌ಬಾಲ್ ತಂಡದಲ್ಲಿ ಕುಳ್ಳಿ ಪಾಸ್ ಕೊಡುವವಳು, ಏಣಿ ಬುಟ್ಟಿಗೆ ಹಾಕುವವಳು. ತಂಡ ಎಂದೋ ಮುರಿದುಬಿದ್ದರೂ ಆಟ ಮಾತ್ರ ಟವೆಲ್ಲುಗಳಲ್ಲಿ ಉಳಿದುಕೊಂಡಿತ್ತು. ಈಗ ಬಲಭುಜದ ಆಪರೇಷನ್ ಆಗಿ ಏಣಿ ಮನೆಯಲ್ಲಿದ್ದಾಳೆ. ಅದು ಕುಳ್ಳಿಗೆ ಗೊತ್ತು, ಆದರೆ ಅವಳ ಕೈಗೆ ಬುದ್ಧಿ ಹೇಳುವವರು ಯಾರು?

ಚಹಾದ ಹೊತ್ತಿಗೆ ಇಸ್ತ್ರಿಯವನಿಗೂ ವ್ಯಾನ್ ಡ್ರೈವರನಿಗೂ ಅದೇ ಹಳೇ ಜಗಳ.

"ಇಷ್ಟು ವರ್ಷ ಪ್ರಪಂಚದಲ್ಲಿ ಬಾಸ್ಕೆಟ್‌ಬಾಲ್ ಆಡಿದೋರಲ್ಲೆಲ್ಲ ದೂರದಿಂದ ಗುರಿ ಇಟ್ಟು ಹಾಕಿದೋರೇ ದೊಡ್ಡೋರು," ಎಂದ ಡ್ರೈವರ್. "ಪಾಸ್ ಕೊಟ್ಟೋನ ಹೆಸರು ಯಾರ ಬಾಯಲ್ಲಿದೆ, ಹೇಳು?"

"ಬಡಿಸೋರೇ ಇಲ್ದಿದ್ರೆ ನಿನ್ನ ಗುರಿಕಾರ ಖಾಲಿ ತಟ್ಟೆ ನೆಕ್ಕಬೇಕು," ಎಂದ ಇಸ್ತ್ರಿಯವನು. "ಕಣ್ಣು ಒಂದ್ಕಡೆ ಇಟ್ಟು ಚೆಂಡು ಇನ್ನೊಂದ್ಕಡೆ ಕಳಿಸ್ತಾರಲ್ಲ, ಅದು ವಿದ್ಯೆ! ಅಕ್ಕಾ, ನೀವು ಆಡಿದೋರು, ನೀವೇ ಹೇಳಿ."

"ಏಣೀನ ಕೇಳ್ಬೇಕು," ಎಂದಳು ಕುಳ್ಳಿ. ಏಣಿ ವಾಪಸು ಬರುತ್ತಾಳೋ ಇಲ್ಲವೋ ಕೇಳಿಕೊಂಡು ಬಾ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಹಾಕುತ್ತೇನೆ ಎಂದು ಮೇಲ್ವಿಚಾರಕಿ ಹೇಳಿ ವಾರವಾಗಿತ್ತು. ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಗೆ ಕುಳ್ಳಿ ಇವತ್ತು ನಾಳೆ ಎನ್ನುತ್ತಿದ್ದಳು. ಇನ್ನು ಮುಂದೆ ತಳ್ಳುವಂತಿರಲಿಲ್ಲ.

ಸಂಜೆ ಮನೆಗೆ ಹೋದಾಗ ಏಣಿ ಮಂಚದ ಮೇಲೆ ಕೂದಲು ಕೆದರಿಕೊಂಡು ಕೂತಿದ್ದಳು. ಕುಳ್ಳಿ ಕೇಳಬೇಕಾದದ್ದನ್ನು ಬಿಟ್ಟು ಚಹಾದ ಜಗಳವನ್ನೆಲ್ಲ ಹೇಳಿದಳು.

ಏಣಿ ನಕ್ಕಳು. "ನೀನಿಲ್ದೆ ನಾನು ಒಂದೇ ಒಂದು ಪಂದ್ಯ ಆಡಿದ್ದು. ನಿನಗೆ ಜ್ವರ ಬಂದಿತ್ತು, ನೆನಪಿದ್ಯಾ? ಹಾಕಿದ್ದೆಲ್ಲ ಬುಟ್ಟಿಗೆ ಬಿತ್ತು, ಗೆದ್ವಿ. ಮನೆಗೆ ಬಂದು ಅತ್ತೆ ಕಣೇ."

"ಗೆದ್ದು ಯಾರಾದ್ರೂ ಅಳ್ತಾರೇನೇ?"

"ಹಾಕಿದ ತಕ್ಷಣ ತಿರುಗಿ ನೋಡ್ತೀನಿ, ನೀನೇ ಇಲ್ಲ."

ಕುಳ್ಳಿಗೆ ಇನ್ನು ತಡೆಯಲಾಗಲಿಲ್ಲ. "ಹಾಗಾದ್ರೆ ಬಾರೇ ಕೆಲ್ಸಕ್ಕೆ. ನಿನ್ ಜಾಗಕ್ಕೆ ಬೇರೆ ಯಾರನ್ನೋ ಹಾಕ್ತಾರಂತೆ. ನನಗಾಗಲ್ಲ ಕಣೇ."

ಏಣಿ ಬಲಗೈ ಎತ್ತಿದಳು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಹಲ್ಲು ಕಚ್ಚಿ ಮತ್ತೊಮ್ಮೆ ಎತ್ತಿ ನೋಡಿದಳು. ಅಷ್ಟೇ. ಮೆಲ್ಲಗೆ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ಇಬ್ಬರೂ ಆ ಕೈಯನ್ನೇ ನೋಡುತ್ತ ಕೂತರು.

"ಬೆಳಗ್ಗೆಯಿಂದ ತಲೆ ಹೀಗೇ ಇದೆ," ಎಂದಳು ಏಣಿ. "ಬಾಚ್ತೀಯಾ?"

ಅವಳು ನೆಲಕ್ಕಿಳಿದು ಕೂತಳು. ಕುಳ್ಳಿ ಮಂಚದ ಅಂಚಿಗೆ ಸರಿದು ಬಾಚಣಿಗೆ ಹಿಡಿದಳು. ಸಿಕ್ಕು ಬಹಳವಿತ್ತು. ನೋಯದ ಹಾಗೆ ತುದಿಯಿಂದ ಬಿಡಿಸುತ್ತ ಬಂದಳು. ಸಿಕ್ಕೆಲ್ಲ ಬಿಟ್ಟ ಮೇಲೂ ಬಾಚುತ್ತಲೇ ಇದ್ದಳು. ಏಣಿಯೂ ಸಾಕು ಅನ್ನಲಿಲ್ಲ.