ಆರು ಹಸಿರು ಸ್ಪ್ರಿಂಗು

೧

ಎಲ್ಲಿಂದ ಶುರು ಮಾಡುವುದು? ಸ್ಪ್ರಿಂಗಿನಿಂದ ಶುರು ಮಾಡಿದರೆ ಎರಡನೇ ಸಾಲಿಗೇ ನೀವು ಪುಟ ತಿರುವುತ್ತೀರಿ. ಗಾಯದಿಂದ ಶುರು ಮಾಡಿದರೆ ಓದುತ್ತೀರಿ, ಆದರೆ ರಕ್ತ ತೋರಿಸಿ ಗಿರಾಕಿ ಹಿಡಿದ ಎಂಬ ಮಾತು ಬರುತ್ತದೆ. (ಆ ಮಾತು ಬರಬೇಕಾದರೂ ಮೊದಲು ಯಾರಾದರೂ ಓದಬೇಕು. ಆ ಚಿಂತೆ ಬೇರೆ.)

ಬರೆಯುವವ ಮೊದಲ ಡ್ರಾಫ್ಟನ್ನು ಹೀಗೆ ಆರಂಭಿಸಿದ್ದ: “ಬದುಕೂ ಒಂದು ಸ್ಪ್ರಿಂಗಿನಂತೆ…” ಖರೀದಿಯವಳು ಅಲ್ಲೇ ತಡೆದಳು.

“ಬದುಕು ಸ್ಪ್ರಿಂಗ್ ಥರ ಇಲ್ಲ ಸಾರ್. ಸ್ಪ್ರಿಂಗನ್ನ ಎಷ್ಟು ಒತ್ತಬಹುದು ಅಂತ ಪಟ್ಟಿ ಇರುತ್ತೆ. ಆ ಪಟ್ಟಿ ನಾನು ನೋಡ್ಲಿಲ್ಲ. ಅದನ್ನ ಬರೀರಿ.”

ಸರಿ, ಅದನ್ನೇ ಬರೆಯೋಣ. ಡ್ರಾಫ್ಟು ಹರಿದದ್ದಾಯಿತು.

೨

ಖರೀದಿಯವಳು ಎಂದರೆ ಬಾಗಿಲಿನ ಕೀಲು ತಯಾರಿಸುವ ಕಾರ್ಖಾನೆಗೆ ಸಾಮಾನು ತರಿಸುವವಳು. ಅವಳ ಗಾಜಿನ ಗೋಡೆಯಾಚೆ ತಗಡಿಗೆ ತೂತು ಹೊಡೆಯುವ ನಾಲ್ಕು ಪ್ರೆಸ್ಸುಗಳಿವೆ. ಅವು ಬಡಿದಾಗಲೆಲ್ಲ ಮೇಜಿನ ಮೇಲಿನ ಪಿನ್ನಿನ ಡಬ್ಬಿ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಸಂಜೆ ಅದನ್ನು ಹಿಂದಕ್ಕೆ ತಳ್ಳಿ ಅವಳು ಮನೆಗೆ ಹೋಗುತ್ತಾಳೆ. ಪ್ರೆಸ್ಸಿಗೆ ಕೂರಿಸುವ ಅಚ್ಚುಗಳನ್ನು, ಅಂದರೆ ಡೈಗಳನ್ನು ಮಾಡುವವನು, ಕೆಟ್ಟರೆ ಸರಿಪಡಿಸುವವನು ಟೂಲ್‌ರೂಮಿನ ಮೇಸ್ತ್ರಿ, ಅವಳ ಚಿಕ್ಕಪ್ಪ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದವನೂ ಅವನೇ, ಇಲ್ಲಿಗೆ ಸೇರಿಸಿದವನೂ ಅವನೇ.

ಈಗ ಸ್ಪ್ರಿಂಗು. (ಸ್ವಲ್ಪ ತಡೆದುಕೊಳ್ಳಿ, ಬೇಗ ಮುಗಿಯುತ್ತದೆ.) ಪಂಚು ತಗಡಿಗೆ ತೂತು ಹೊಡೆದು ಮೇಲೇಳುವಾಗ ತಗಡೂ ಅದಕ್ಕೆ ಕಚ್ಚಿಕೊಂಡು ಏಳುತ್ತದೆ. ಅದನ್ನು ಕೆಳಕ್ಕೆ ತಳ್ಳಿ ಬಿಡಿಸಲು ಒಂದು ಪ್ಲೇಟು, ಪ್ಲೇಟಿನ ಬೆನ್ನಿಗೆ ಆರು ಸ್ಪ್ರಿಂಗು. ಪೆನ್ನಿನೊಳಗಿನ ಸ್ಪ್ರಿಂಗಲ್ಲ; ಚಪ್ಪಟೆ ತಂತಿಯ, ಹೆಬ್ಬೆರಳು ಗಾತ್ರದ, ಕೈಯಲ್ಲಿ ಒತ್ತಿದರೆ ಜಗ್ಗದ ಜಾತಿ. ಎಷ್ಟು ಗಡಸು ಎಂದು ತಿಳಿಯಲಿ ಅಂತ ಬಣ್ಣ ಬಳಿದಿರುತ್ತಾರೆ. ಬಣ್ಣದ ಅರ್ಥ ಮಾತ್ರ ಎಲ್ಲ ಕಡೆ ಒಂದೇ ಅಲ್ಲ. ಒಂದು ಪದ್ಧತಿಯಲ್ಲಿ ಹಸಿರೆಂದರೆ ಭಾರೀ ಗಡಸು, ಇನ್ನೊಂದರಲ್ಲಿ ಹಸಿರೆಂದರೆ ಮೆದು.

(ಇದು ಬರೆಯುವವನ ಕಲ್ಪನೆಯಲ್ಲ. ಅವನ ಕಲ್ಪನೆ ಎಷ್ಟರದ್ದು ಎಂಬುದನ್ನು ಮೊದಲ ಡ್ರಾಫ್ಟಿನಲ್ಲೇ ಕಂಡಿರಿ.)

೩

ಹಳೆಯ ಸಪ್ಲೈಯರ್ ಅಂಗಡಿ ಮುಚ್ಚಿದ.

“ಚಿಕ್ಕಪ್ಪ, ಸ್ಪ್ರಿಂಗಿಗೆ ಏನಂತ ಆರ್ಡರ್ ಹಾಕ್ಲಿ?”

“ಹಸಿರು, ಆರು. ಹಳೇ ಸೈಜೇ.”

ಅವಳು ಹೊಸಬನನ್ನು ಹುಡುಕಿ ಅದನ್ನೇ ಹೇಳಿದಳು. ಎರಡೇ ದಿನಕ್ಕೆ ಸಾಮಾನು ಬಂತು. ಉದ್ದ ಸರಿ, ದಪ್ಪ ಸರಿ, ಬಣ್ಣ ಸರಿ. ತನ್ನ ಚುರುಕಿಗೆ ತಾನೇ ಬೀಗಿದಳು. ಚಿಕ್ಕಪ್ಪ ಸ್ಪ್ರಿಂಗು ಕೂರಿಸಿದ.

ಮೂರನೇ ದಿನ ಊಟದ ಬೆಲ್ಲಿಗೆ ಮುಂಚೆ ಎರಡನೇ ಪ್ರೆಸ್ಸಿನ ಅಕ್ಕನ ತಗಡು ಪಂಚಿಗೆ ಕಚ್ಚಿಕೊಂಡಿತು. (ಹದಿನಾಲ್ಕು ವರ್ಷದಿಂದ ಆ ಪ್ರೆಸ್ಸು ಓಡಿಸುವವಳು, ಮ್ಯಾನೇಜರನಿಗೂ ಅಕ್ಕನೇ.) ಬೆಳಗಿನಿಂದ ಅದು ಹನ್ನೊಂದನೇ ಸಲ. ಅಕ್ಕ ಪ್ರೆಸ್ಸು ನಿಲ್ಲಿಸಿ, ಇಕ್ಕಳ ಹುಡುಕುವ ತಾಳ್ಮೆ ಕೆಟ್ಟು, ಕೈಯಿಂದಲೇ ಎಳೆದಳು. ಬರಲಿಲ್ಲ. ಜೋರಾಗಿ ಎಳೆದಳು. ತಗಡು ಒಮ್ಮೆಗೇ ಕಳಚಿ ಅಂಚು ಅಂಗೈ ಸೀಳಿತು. ಹನ್ನೆರಡು ಹೊಲಿಗೆ. ಉಂಗುರದ ಬೆರಳಿನ ನರಕ್ಕೂ ಪೆಟ್ಟಾಗಿದೆ, ಬೆರಳು ಮತ್ತೆ ಮಡಚುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು.

೪

ಮರುದಿನ ಮ್ಯಾನೇಜರ್ ಅಪಘಾತದ ಫಾರಂ ತಂದ. ಕಾರಣ ಎಂಬಲ್ಲಿ ಆಗಲೇ ಬರೆದಿತ್ತು: ಆಪರೇಟರಳ ಅಜಾಗರೂಕತೆ.

“ಇಲ್ಲೊಂದು ಸೈನ್ ಹಾಕಮ್ಮ. ಸಾಮಾನು ಸರಿಯಿತ್ತು ಅಂತ, ಅಷ್ಟೇ.”

“ಒಂದ್ಸಲ ನೋಡಿ ಹಾಕ್ತೀನಿ ಸಾರ್.”

ಅವನು ಹೋದ ಮೇಲೆ ಹೊಸ ಸಪ್ಲೈಯರನ ಕ್ಯಾಟಲಾಗು ತೆರೆದಳು. ಹಸಿರಿನ ಸಾಲು ಎಲ್ಲಕ್ಕಿಂತ ಮೇಲಿತ್ತು. ಅದರ ಎದುರಿಗೆ ಎರಡೇ ಪದ: ಲೈಟ್ ಲೋಡ್. ಅಂದರೆ ಮೆದು.

೪ (ಹರಿದು ಹಾಕಿದ್ದು)

ಅ. ಅವಳು ಸುಮ್ಮನೆ ಸೈನ್ ಹಾಕುತ್ತಾಳೆ. ಪಿನ್ನಿನ ಡಬ್ಬಿ ಸರಿಯುತ್ತದೆ. ಕಥೆ ಮುಗಿಯಿತು. (ಬಹುಮಾನ ಬರುವಂಥ ಮುಕ್ತಾಯ. “ನಾನು ಹಾಕಿಲ್ಲ, ನಿಮ್ಮ ಬಹುಮಾನಕ್ಕೆ ನನ್ನನ್ನ ಯಾಕೆ ಕೆಟ್ಟವಳು ಮಾಡ್ತೀರಿ?” ಎಂದಳು.)

ಆ. ಮೇಸ್ತ್ರಿಗೆ ಹಸಿರು ಕೆಂಪಿನ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಜೀವಮಾನವಿಡೀ ಮುಚ್ಚಿಟ್ಟಿದ್ದಾನೆ. (“ನನ್ನ ಕಣ್ಣಿಗೇನು ಧಾಡಿ? ನಿನ್ನ ಕಣ್ಣು ತೋರಿಸ್ಕೋ ಹೋಗು,” ಎಂದ ಮೇಸ್ತ್ರಿ.)

೫

ನಡೆದದ್ದು ಇಷ್ಟು.

ಅವಳು ಟೂಲ್‌ರೂಮಿಗೆ ಹೋದಾಗ ಚಿಕ್ಕಪ್ಪ ಡೈ ಬಿಚ್ಚಿ ಕೂತಿದ್ದ. ಗೋದಾಮಿನ ತಕ್ಕಡಿಯನ್ನು ಕೈಪ್ರೆಸ್ಸಿನ ಕೆಳಗಿಟ್ಟು ಹಳೆಯ ಸ್ಪ್ರಿಂಗೊಂದನ್ನು ಒತ್ತುತ್ತಿದ್ದ. ಐದು ಮಿಲಿಮೀಟರ್ ಒತ್ತಿದಾಗ ತಕ್ಕಡಿ ತೊಂಬತ್ತಾರು ಕೆ.ಜಿ. ತೋರಿಸಿತು. ಹೊಸದನ್ನೂ ಅಷ್ಟೇ ಒತ್ತಿದ. ಇಪ್ಪತ್ತೆರಡು.

“ಬಣ್ಣ ಹೇಳಿದ್ದು ನೀವು,” ಎಂದಳು.

“ಬಣ್ಣ ಕೇಳ್ಕೊಂಡು ಸುಮ್ನಾಗಿದ್ದು ನೀನು.”

ಚಿಕ್ಕಪ್ಪ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

“ಇನ್ನೊಂದಿದೆ ಕಣಮ್ಮ. ಕೂರಿಸೋವಾಗ್ಲೇ ನನ್ನ ಕೈಗೆ ಗೊತ್ತಾಗಿತ್ತು. ಯಾವಾಗ್ಲೂ ಸ್ಪ್ರಿಂಗು ಅದುಮ್ಕೊಂಡು ಪ್ಲೇಟಿನ ಬೋಲ್ಟು ಬಿಗಿಯೋಕೆ ಮೈಯೆಲ್ಲ ಬೆವರುತ್ತೆ. ಈ ಸಲ ಸಲೀಸಾಗಿ ಕೂತ್ವು. ಈ ವಯಸ್ಸಲ್ಲೂ ತೋಳಲ್ಲಿ ಕಸುವಿದೆ ಅಂತ… ಖುಷಿಯಾಯ್ತು.”

ಅವಳಿಗೆ ಬೈಯಬೇಕೆನಿಸಿತು. ಅವನ ಮುಖ ನೋಡಿ ಆಗಲಿಲ್ಲ.

“ಇದನ್ನೂ ರಿಪೋರ್ಟಲ್ಲಿ ಬರೀಲಾ?”

“ಬರಿ. ಸೈನ್ ಹಾಕ್ತೀನಿ.” ಬಾಗಿಲ ತನಕ ಹೋದವಳನ್ನು ಮತ್ತೆ ಕರೆದ. “ಖುಷಿಯಾಯ್ತು ಅನ್ನೋದೊಂದು ಬಿಟ್ಟು ಬರಿ.”

(ಅವಳು ಬಿಟ್ಟಳು. ಬರೆಯುವವ ಬಿಡಲಿಲ್ಲ. ಕ್ಷಮಿಸಿ, ಮೇಸ್ತ್ರಿಗಳೇ.)

“ಇದು ರಿಪೋರ್ಟಾ, ತಪ್ಪೊಪ್ಪಿಗೆಯಾ?” ಎಂದ ಮ್ಯಾನೇಜರ್, ಅವಳು ಬರೆದದ್ದನ್ನು ಓದಿ. “ನಿಮ್ಮ ಚಿಕ್ಕಪ್ಪನಿಗೆ ಇನ್ನೆಂಟು ತಿಂಗಳು ಸರ್ವೀಸಿದೆ, ಗೊತ್ತಲ್ವಾ?”

“ಗೊತ್ತು ಸಾರ್. ಕೆಳಗೆ ಅವರ ಸೈನೂ ಇದೆ, ನೋಡಿ.”

ಎರಡು ದಿನ ಅದು ಡ್ರಾಯರಿನಲ್ಲಿ ಮಲಗಿತು. ಅವಳು ಮೂರು ಸಲ ಕೇಳಿದ ಮೇಲೆ ಗೊಣಗುತ್ತಲೇ ಮೇಲಕ್ಕೆ ಕಳಿಸಿದ. ಮೇಲಿನವರು ಏನೆನ್ನುತ್ತಾರೋ ಇನ್ನೂ ಗೊತ್ತಿಲ್ಲ.

೬

ಆಮೇಲೆ ಫೋನು ಹಿಡಿದು ಕೂತಳು, ಐದು ಮಿಲಿಮೀಟರ್ ಒತ್ತಿದರೆ ತೊಂಬತ್ತಾರು ಕೆ.ಜಿ. ತೋರಿಸುವ ಸ್ಪ್ರಿಂಗು ಬೇಕೆಂದು. ಮೊದಲನೆಯವನು, “ಬಣ್ಣ ಹೇಳಿ ಮೇಡಂ, ಸಾಕು,” ಎಂದ. ಫೋನು ಇಟ್ಟಳು. ಎರಡನೆಯವನು, “ಅಷ್ಟೆಲ್ಲ ಯಾರೂ ಕೇಳಲ್ಲ,” ಎಂದ. ಇಟ್ಟಳು. ಮೂರನೆಯವನು ತಾನೇ ಕೇಳತೊಡಗಿದ: ಸ್ಪ್ರಿಂಗು ಕೂರುವ ತೂತು ಎಷ್ಟಗಲ? ಒಂದೇಟಿಗೆ ಎಷ್ಟು ಒತ್ತುತ್ತೆ? ದಿನಕ್ಕೆ ಎಷ್ಟು ಏಟು? ಕೊನೆಗೆ, “ಹಾಗಾದ್ರೆ ನಮ್ಮಲ್ಲಿ ಹಳದಿ. ನನ್ನ ಮಾತು ನಂಬಬೇಡಿ, ಪಟ್ಟಿ ಕಳಿಸ್ತೀನಿ, ತಾಳೆ ನೋಡಿ,” ಎಂದ. ಅವಳಿಗೆ ಆ ಮನುಷ್ಯನ ಕಾಲಿಗೆ ಬೀಳೋಣ ಎನಿಸಿತು. ಹಳದಿ ಬಂದ ಮೇಲೆ ಚಿಕ್ಕಪ್ಪನೂ ಅವಳೂ ಆರನ್ನೂ ಒಂದೊಂದಾಗಿ ತಕ್ಕಡಿಗಿಟ್ಟು ಒತ್ತಿ ನೋಡಿದರು. ಬೋಲ್ಟು ಬಿಗಿಯುವಾಗ ಚಿಕ್ಕಪ್ಪ ಬೆವೆತ.

೭

ಇನ್ನು ಬೆರಳು. ಬರೆಯುವವನ ಬಳಿ ಮೂರು ಮುಕ್ತಾಯ ಸಿದ್ಧವಿದ್ದವು: ಬೆರಳು ಮಡಚಿತು, ಮಡಚಲಿಲ್ಲ, ಅರ್ಧ ಮಡಚಿತು. (ಮೂರನೆಯದು ತುಂಬ ಸೂಕ್ಷ್ಮ ಎಂದು ಅವನಿಗೆ ಅವನೇ ಬೆನ್ನು ತಟ್ಟಿಕೊಂಡಿದ್ದ.)

ಅಷ್ಟರಲ್ಲಿ ಅಕ್ಕನೇ ಬಂದಳು, ಕೈಗೆ ಬ್ಯಾಂಡೇಜು ಸುತ್ತಿಕೊಂಡು. “ನನ್ನ ಬೆರಳು ನಿನಗ್ಯಾಕಪ್ಪ? ಡಾಕ್ಟ್ರಿಗೇ ಗೊತ್ತಿಲ್ವಂತೆ,” ಎಂದು ಬರೆಯುವವನನ್ನು ಆಚೆ ಸರಿಸಿ, ಖರೀದಿಯವಳು, ಮೇಸ್ತ್ರಿ ಇಬ್ಬರ ಕಡೆ ತಿರುಗಿದಳು.

“ರಿಪೋರ್ಟ್ ಬರೆದ್ರಂತೆ. ಒಳ್ಳೇದು. ಅಷ್ಟಕ್ಕೆ ಮುಗೀತಾ?”

ಅಕ್ಕ ಪ್ರೆಸ್ಸಿನ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡಳು.

“ಹೊಸ ಸ್ಪ್ರಿಂಗಲ್ಲಿ ಮೊದಲ ಐವತ್ತು ಪೀಸು ನೀವೇ ಹೊಡೀರಿ. ನಾನು ಇಲ್ಲೇ ಕೂತು ನೋಡ್ತೀನಿ.”

ಒಂಬತ್ತು ವರ್ಷ ಗಾಜಿನಾಚೆಯಿಂದಷ್ಟೇ ಪ್ರೆಸ್ಸು ಕಂಡವಳು ಅದರ ಮುಂದೆ ಕೂತಳು. ಚಿಕ್ಕಪ್ಪ ತಗಡು ಇಟ್ಟು ಹಿಂದೆ ಸರಿದ. ಎರಡು ಬಟನ್ನುಗಳ ಮೇಲೆ ಅವಳು ಎರಡು ಹೆಬ್ಬೆರಳಿಟ್ಟಳು.

“ಒತ್ತು,” ಎಂದಳು ಅಕ್ಕ.

ಒತ್ತಿದಳು. ಪಂಚು ಇಳಿದು ಎದ್ದಿತು. ತಗಡು ಕೆಳಗೇ ಉಳಿಯಿತು.

ಇದೇ ಸರಿಯಾದ ಜಾಗ ಎಂದು ಬರೆಯುವವ ಪೆನ್ನು ಮುಚ್ಚಿ ಮೆಲ್ಲಗೆ ಎದ್ದ.

“ನೀನೆಲ್ಲಿಗಪ್ಪ ಹೊರಟೆ?” ಎಂದಳು ಅಕ್ಕ. “ಕೂತ್ಕೋ. ಇನ್ನೂ ನಲವತ್ತೊಂಬತ್ತಿದೆ.”