ಕಡ ತಂದ ಮನೆ

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕುಳಿತು ಪುಟ್ಟಿ ಸತ್ತವರೊಬ್ಬರಿಗೆ ಕೋಟು ತೊಡಿಸುತ್ತಿದ್ದಳು. ಗೋಡೆಗೆ ಹಾಕಲು ದೊಡ್ಡದು ಮಾಡಿಕೊಡಿ ಎಂದು ಮನೆಯವರು ತಂದುಕೊಟ್ಟ ಫೋಟೋದಲ್ಲಿ ಆ ಮುದುಕರು ಬರೀ ಬನಿಯನ್ನಿನಲ್ಲಿದ್ದರು. ಇಂಥವರಿಗೆಂದೇ ಕಂಪ್ಯೂಟರಿನಲ್ಲಿ ಒಂದು ಕಪ್ಪು ಕೋಟು, ಒಂದು ಬೂದು ಕೋಟು ಸದಾ ಸಿದ್ಧವಿರುತ್ತಿದ್ದವು. ಭುಜಕ್ಕೆ ಹೊಂದಿಸಿ, ಕತ್ತಿನ ಹತ್ತಿರ ನೆರಳು ತೀಡಿ, ಕಣ್ಣ ಕೆಳಗಿನ ಸುಕ್ಕು ಅಳಿಸಿದರೆ ಸಾಕು, ಬದುಕಿದ್ದಾಗ ಒಂದು ದಿನವೂ ಕಾಣದ ಠೀವಿ ಬಂದುಬಿಡುತ್ತಿತ್ತು. ಮೊದಮೊದಲು ಈ ಕೆಲಸ ಅವಳಿಗೆ ನಗು ತರಿಸುತ್ತಿತ್ತು. ಆಮೇಲೆ ಅಳು. ಈಗ ಎರಡೂ ಇಲ್ಲ.

ಫೋನು ಬಂದದ್ದು ಆಗಲೇ. ಬಡ ವಿದ್ಯಾರ್ಥಿಗಳ ಸಹಾಯನಿಧಿಯ ಕಚೇರಿಯಿಂದ ಹೆಂಗಸೊಬ್ಬರು ಮಾತಾಡಿದರು. ಅರ್ಜಿ ಮೊದಲ ಹಂತ ದಾಟಿದೆ, ನಾಳೆ ಮಧ್ಯಾಹ್ನ ಮನೆ ನೋಡಲು ಬರುತ್ತೇನೆ, ತಾಯಿಯೂ ಇರಲಿ ಎಂದರು. ಪುಟ್ಟಿ ಆಗಲಿ ಎಂದು ಫೋನಿಟ್ಟು, ಮುದುಕರ ಕೋಟಿನ ಗುಂಡಿ ಸರಿಮಾಡಿದಳು. ಸಂತೋಷಪಡಬೇಕಾದ ಸುದ್ದಿ ಎಂದು ಅವಳಿಗೂ ಗೊತ್ತಿತ್ತು. ಆ ಸಂತೋಷವನ್ನು ಎಲ್ಲಿಂದ ತರುವುದು?

ಮರದ ಹಲಗೆ ಕೆತ್ತಿ, ಮಸಿ ಬಳಿದು, ಕಾಗದದ ಮೇಲೆ ಚಿತ್ರದ ಅಚ್ಚು ತೆಗೆಯುವುದು ಅವಳ ವಿದ್ಯೆ. ಅದನ್ನೇ ಮುಂದೆ ಕಲಿಯಲು ಚಿತ್ರಕಲಾ ಕಾಲೇಜಿನ ಸ್ನಾತಕೋತ್ತರ ತರಗತಿಯಲ್ಲಿ ಸೀಟು ಸಿಕ್ಕಿತ್ತು. ಸಿಕ್ಕಿದ್ದು ಸೀಟು ಮಾತ್ರ. ಶುಲ್ಕಕ್ಕೊಂದು ದಾರಿ ಮಾಡಿಕೊಂಡು ಬನ್ನಿ, ಕಾಯುತ್ತೇವೆ ಎಂದಿದ್ದ ಕಾಲೇಜಿನವರ ತಾಳ್ಮೆ ಈ ತಿಂಗಳಿಗೆ ಮುಗಿಯುತ್ತಿತ್ತು. ಬೇರೆ ಕಡೆಗೆ ಹಾಕಿದ ಅರ್ಜಿಗಳೆಲ್ಲ ವಿಷಾದ ಹೊತ್ತು ವಾಪಸು ಬಂದಿದ್ದವು. ಎಲ್ಲರೂ ಕೇಳಿದ್ದು ಒಂದೇ: ನಿಮ್ಮ ಕಷ್ಟವನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಅಪ್ಪನ ಕೆಲಸ ಹೋದದ್ದು, ಅಪ್ಪ ಕಾಯಿಲೆ ಬಿದ್ದದ್ದು, ಅಪ್ಪ ಸತ್ತದ್ದು. ಬರೆದೂ ಬರೆದೂ ಕೊನೆಗೆ ಅವರು ಯಾರೋ ಬೇರೆಯವರ ಅಪ್ಪ ಎನಿಸತೊಡಗಿತ್ತು.

ಸಂಜೆ ಮನೆಯಲ್ಲಿ ಸುದ್ದಿ ಹೇಳಿದಾಗ ತಾಯಿ ಹೊಲಿಗೆ ಯಂತ್ರದಿಂದ ಕಾಲು ತೆಗೆದಳು. ಬಟ್ಟೆ ಅಂಗಡಿಯವರಿಗೆ ಪ್ಯಾಂಟುಗಳ ಉದ್ದ ಕಡಿಮೆ ಮಾಡಿ ಅಂಚು ಮಡಚಿ ಕೊಡುವುದು ಅವಳ ಕಸುಬು.

"ಒಳಗೆ ಬರ್ತಾರಾ, ಬಾಗಿಲಲ್ಲೇ ನಿಂತು ಮಾತಾಡಿ ಹೋಗ್ತಾರಾ?" ಎಂದು ಕೇಳಿದಳು.

"ಒಳಗೆ ಬರ್ತಾರಮ್ಮ. ಮನೆ ನೋಡೋಕೇ ಅಲ್ವಾ ಬರೋದು."

ತಾಯಿ ಸುತ್ತ ಒಮ್ಮೆ ಕಣ್ಣಾಡಿಸಿದಳು. ಒಂದು ಚಾಪೆ, ಒಂದು ತಗಡಿನ ಪೆಟ್ಟಿಗೆ, ಗೋಡೆಗೆ ಒರಗಿಸಿಟ್ಟ ಮಗಳ ಹಲಗೆಗಳು, ಮೇಲೆ ಮೊಳೆಗೆ ಸಿಕ್ಕಿಸಿದ, ಅವಳೇ ಅಚ್ಚು ತೆಗೆದ ಒಂದು ಚಿತ್ರ. ನೋಡಲು ಅಷ್ಟೇ ಇದ್ದದ್ದು.

ಆ ಬೀದಿಯಲ್ಲಿ ಒಂದು ರೂಢಿ ಇತ್ತು. ಯಾರ ಮನೆಗೆ ಗಣ್ಯರು ಬಂದರೂ ಬೀದಿಯ ಒಳ್ಳೆಯ ಸಾಮಾನೆಲ್ಲ ಆ ಮನೆ ಸೇರುತ್ತಿತ್ತು. ಎದುರುಮನೆಯಲ್ಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ತಾತನ ಹಸಿರು ಸೋಫಾವಂತೂ ತಾತನ ಮನೆಯಲ್ಲಿ ಕೂತದ್ದಕ್ಕಿಂತ ಊರು ಸುತ್ತಿದ್ದೇ ಹೆಚ್ಚು. ಸ್ಟುಡಿಯೋಗೆ ಬರುವ ಫೋಟೋಗಳಲ್ಲಿ ಪುಟ್ಟಿ ಅದೇ ಸೋಫಾವನ್ನು ಬೇರೆ ಬೇರೆ ಸಂಸಾರಗಳ ಕೆಳಗೆ ಕಂಡು ಗುರುತು ಹಿಡಿದಿದ್ದಳು. ಯಾರೂ ನೋಡದ ಹೊತ್ತಿನಲ್ಲಿ ಅದು ಹೋಗುತ್ತಿತ್ತು, ಯಾರೂ ನೋಡದ ಹೊತ್ತಿನಲ್ಲಿ ವಾಪಸಾಗುತ್ತಿತ್ತು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಮರುದಿನ ಅರ್ಧ ದಿನದ ರಜೆ ಹಾಕಿ ಪುಟ್ಟಿ ಮನೆಗೆ ಬಂದಾಗ ಹಸಿರು ಸೋಫಾ ಕೋಣೆಯನ್ನೆಲ್ಲ ತುಂಬಿಕೊಂಡು ಕೂತಿತ್ತು. ಕಿಟಕಿಗೆ ಹೂವಿನ ಪರದೆ. ಗಾಜಿನ ಮೇಜು. ಮೂಲೆಯಲ್ಲಿ ಯಾರದೋ ಫ್ರಿಜ್ಜು, ಅದರ ತಂತಿ ಎಲ್ಲಿಗೂ ಸೇರಿರಲಿಲ್ಲ. ಪೋಸ್ಟ್‌ಮ್ಯಾನ್ ತಾತ ಸೋಫಾದ ಒಂದು ಕಾಲಿಗೆ ರಟ್ಟು ಕೊಟ್ಟು ಎದ್ದು ನಿಂತು, "ಸುತ್ತಾಡಿ ಸುತ್ತಾಡಿ ಇದರ ಕಾಲು ಬಿದ್ದುಹೋಗ್ತಿದೆ ಕಣಮ್ಮ. ನಾನೂ ಇಷ್ಟು ಮನೆ ಹತ್ತಿರಲಿಲ್ಲ ಸರ್ವೀಸಲ್ಲಿ" ಎಂದು ನಕ್ಕು ಹೊರಟರು.

ಪುಟ್ಟಿಯ ಚಿತ್ರವಿದ್ದ ಮೊಳೆಯಲ್ಲಿ ಈಗ ಗಾಜಿನ ಚೌಕಟ್ಟಿನ ಒಂದು ಜಲಪಾತ ಇತ್ತು.

"ಅಮ್ಮ, ಅವರು ಬರ್ತಿರೋದು ನಮ್ಮ ಹತ್ರ ಏನಿಲ್ಲ ಅಂತ ನೋಡೋಕೆ" ಎಂದಳು ಪುಟ್ಟಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ತಾಯಿ ಪರದೆಯ ನೆರಿಗೆ ಸರಿಮಾಡುತ್ತಲೇ ಉತ್ತರ ಕೊಟ್ಟಳು. "ಏನಿಲ್ಲ ಅಂತ ಕಂಡ್ರೆ ಏನಂತಾರೆ ಗೊತ್ತಾ? ಇಂಥಾ ಮನೆಯವರಿಗೆ ಚಿತ್ರ ಯಾಕೆ, ಹೋಗಿ ಕೂಲಿ ಮಾಡ್ಲಿ ಅಂತಾರೆ. ನಿಮ್ಮಪ್ಪನ ಕೆಲಸ ಹೋದಾಗ ನಮ್ಮ ಕಷ್ಟ ಬೀದೀಲಿ ಒಬ್ಬರಿಗೂ ಗೊತ್ತಾಗದ ಹಾಗೆ ಈ ಸೂಜಿ ಹಿಡ್ಕೊಂಡು ಸಂಸಾರ ತೂಗಿಸಿದೀನಿ. ಮರ್ಯಾದಸ್ಥರು ಅಂತ ಕಂಡ್ರೆ ತಾನೇ ನಾಲ್ಕು ಕಾಸು ನಂಬಿ ಕೊಡೋದು?"

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅಂಗಡಿಯವನು ಸಾಲ ಕೊಡುವುದೂ ಹಾಗೇ, ಮನೆಯ ಮಾಲೀಕ ಬಾಡಿಗೆಗೆ ಮನೆ ಕೊಡುವುದೂ ಹಾಗೇ. ಪುಟ್ಟಿ ವಾದಿಸಬಹುದಿತ್ತು. ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಕಚೇರಿಯಿಂದ ಬಂದ ಹೆಂಗಸು ನಡುವಯಸ್ಸಿನವರು. ಬಿಸಿಲಿಗೆ ಮುಖ ಕಂದಿತ್ತು. ಸೋಫಾದ ಮೇಲೆ ಕುಳಿತವರು ಉಸ್ಸೆಂದು ಹಿಂದಕ್ಕೆ ಒರಗಿ, ಆಮೇಲೆ ಏನೋ ನೆನಪಾದವರಂತೆ ನೆಟ್ಟಗಾದರು. ಕೋಣೆಯನ್ನೆಲ್ಲ ನೋಡಿದರು. ಜಲಪಾತ ತೋರಿಸಿ, ಇದು ನೀವು ಬರೆದದ್ದಾ ಎಂದು ಪುಟ್ಟಿಯನ್ನು ಕೇಳಿದರು. ಅಲ್ಲ ಎಂದಳು. ನಿಮ್ಮ ಚಿತ್ರಗಳೆಲ್ಲಿ ಎಂದರೆ, ಹಲಗೆಗಳೆಲ್ಲ ಸೋಫಾದ ಹಿಂದೆ ಸಿಕ್ಕಿಹಾಕಿಕೊಂಡಿದ್ದವು.

ಮಿಕ್ಕ ಪ್ರಶ್ನೆಗಳಿಗೆಲ್ಲ ತಾಯಿಯೇ ಉತ್ತರ ಹೇಳಿದಳು. ಹೊಲಿಗೆ ಕೆಲಸವೇನೋ ಹೊತ್ತು ಹೋಗಲೆಂದು ಮಾಡುವುದು, ದೇವರು ಇಟ್ಟ ಹಾಗೆ ಚೆನ್ನಾಗಿದ್ದೇವೆ, ಯಾವುದಕ್ಕೂ ಕೊರತೆ ಇಲ್ಲ, ಮಗಳಿಗೆ ಓದುವ ಆಸೆ ಅಷ್ಟೇ ಎಂದಳು. ಬಂದವರು ಬರೆದುಕೊಳ್ಳುತ್ತಾ ಹೋದರು. ಪುಟ್ಟಿ ದೂರದಲ್ಲೆಲ್ಲೋ ಕೂತವಳಂತೆ ಎಲ್ಲವನ್ನೂ ನೋಡುತ್ತಿದ್ದಳು. ಒಂದು ಮಾತು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಆ ಮಾತು ಅಪರಿಚಿತರ ಎದುರಿಗೆ ತಾಯಿಯ ಸೆರಗು ಎಳೆದಂತಾಗುತ್ತಿತ್ತು.

ಹೊರಡುವಾಗ ಅವರು ಬೇಸರವಿಲ್ಲದೆಯೇ ಮಾತಾಡಿದರು. ಎಷ್ಟೋ ಮನೆಗಳಲ್ಲಿ ನಾವು ಬರುತ್ತೇವೆಂದು ಟಿವಿ, ಫ್ರಿಜ್ಜು ಎಲ್ಲ ಪಕ್ಕದ ಮನೆಗೆ ಸಾಗಿಸಿ ಬಡವರಾಗಿ ಕೂತಿರುತ್ತಾರೆ, ನೀವು ಹಾಗೆ ಮಾಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸಿದಿರಿ ಎಂದರು. ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮ, ನಿಮ್ಮಂಥ ಮನೆಗೆ ನಮ್ಮ ದುಡ್ಡಿನ ಅಗತ್ಯ ಇಲ್ಲ. ಹಾಗಂತಲೇ ಬರೀತೀನಿ. ತಪ್ಪು ತಿಳ್ಕೋಬೇಡಿ" ಎಂದರು.

ಆ ಮಾತು ತಾಯಿಗೆ ಬಿರುದಿನಂತೆ ಕೇಳಿಸಿತು. ಮುಖ ಅರಳಿತು. ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟು ಬಂದಳು. ಬಂದವರಿಗೆ ಕಾಫಿ ಕೊಟ್ಟಿದ್ದ ಕಡದ ಕಪ್ಪು ಎತ್ತಲು ಬಗ್ಗಿದವಳಿಗೆ ಆಗ ಅರ್ಥವಾಗಿರಬೇಕು, ಅರ್ಧ ಬಗ್ಗಿದ ಹಾಗೇ ನಿಂತುಬಿಟ್ಟಳು.

"ಹೇಳಿದ್ದೇನು ಅವರು?" ಎಂದಳು.

"ಕೊಡಲ್ಲ ಅಂದ್ರು."

ತಾಯಿ ಜಗಳಕ್ಕೆ ಸಿದ್ಧಳಾದಂತೆ ಸೊಂಟಕ್ಕೆ ಕೈಯಿಟ್ಟಳು. ಮಗಳು ಕೂಗಲಿ, ದೂರಲಿ, ತಾನೂ ನಾಲ್ಕು ಮಾತಾಡಿ ಹಗುರವಾಗೋಣ ಎಂಬಂತೆ ಕಾದಳು. ಪುಟ್ಟಿ ಮೇಜಿನ ಮೇಲಿಂದ ಕಪ್ಪು ತೆಗೆದುಕೊಂಡು, "ತೊಳೆದಿಡ್ತೀನಿ, ಅವರದ್ದು ಅವರಿಗೆ ಕೊಡ್ಬೇಕಲ್ಲ. ಸ್ಟುಡಿಯೋ ಸಾಹುಕಾರ್ರಿಗೂ ನಾಳೆ ಹೇಳ್ತೀನಿ, ಕೆಲಸ ಬಿಡಲ್ಲ ಅಂತ. ಬೂದು ಕೋಟು ಹಳೇದಾಯ್ತು, ಹೊಸದೊಂದು ಮಾಡಿಡು ಅಂತಿದ್ರು" ಎಂದಳು.

ತಾಯಿ ಮಗಳ ಮುಖವನ್ನು ನೋಡಿದಳು. ಅಲ್ಲಿ ಅಳು ಇರಲಿಲ್ಲ, ದೂರು ಇರಲಿಲ್ಲ. ಕೆಲಸ ಹೋದ ಮೇಲೆ ಆ ಬಾಗಿಲಲ್ಲಿ ಕೂತು ಹಗಲೆಲ್ಲ ಬೀದಿ ನೋಡುತ್ತಿದ್ದ ಗಂಡನ ಮುಖವೂ ಹೀಗೇ ಇತ್ತು. ಅವನು ಚೆನ್ನಾಗಿದ್ದಾನೆಂದು ಬೀದಿಯೆಲ್ಲ ನಂಬಿತ್ತು. ಆಸ್ಪತ್ರೆಗೆ ಕರೆದೊಯ್ಯಲು ಒಬ್ಬರ ಸಹಾಯವನ್ನೂ ಕೇಳಲಾಗದಷ್ಟು ಚೆನ್ನಾಗಿ ನಂಬಿತ್ತು.

ತಾಯಿ ಚಪ್ಪಲಿ ಮೆಟ್ಟದೆ ಹೊರಗೆ ಹೋದಳು.

ಕಿಟಕಿಯಿಂದ ಪುಟ್ಟಿಗೆ ಎಲ್ಲ ಕಾಣುತ್ತಿತ್ತು. ಬಸ್ ನಿಲ್ದಾಣದ ನೆರಳಿನಲ್ಲಿ ನಿಂತಿದ್ದ ಆ ಹೆಂಗಸಿನ ಎದುರು ತಾಯಿ ಏನೋ ಹೇಳುತ್ತಿದ್ದಳು. ಬಸ್ಸು ಬಂತು, ಹೋಯಿತು. ಆ ಹೆಂಗಸು ಹತ್ತಲಿಲ್ಲ. ಇಬ್ಬರೂ ವಾಪಸು ನಡೆದು ಬಂದರು. ಬರುವಾಗಲೇ ತಾಯಿ ಬೀದಿ ಮಧ್ಯದಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಪೋಸ್ಟ್‌ಮ್ಯಾನ್ ತಾತನನ್ನು ಕರೆದಳು.

"ಬನ್ನಿ ತಾತ, ನಿಮ್ಮ ಸೋಫಾ ತಗೊಂಡು ಹೋಗಿ."

"ಈಗ್ಲೇ? ಹಗಲು ಹೊತ್ನಲ್ಲಾ?" ತಾತ ಕಣ್ಣು ಕಿರಿದು ಮಾಡಿದರು. "ಕತ್ಲಾಗ್ಲಿ ಬಿಡಮ್ಮ."

"ಬೇಡ. ಈಗ್ಲೇ."

ಸೋಫಾದ ಒಂದು ತುದಿಯನ್ನು ತಾತ ಹಿಡಿದರು, ಇನ್ನೊಂದನ್ನು ಪುಟ್ಟಿ. ಹೊಸಿಲು ದಾಟುವಾಗ ಅವಳ ಬೆರಳು ಚೌಕಟ್ಟಿಗೆ ಸಿಕ್ಕಿ ಚರ್ಮ ಕಿತ್ತು ಬಂತು. ಅಮ್ಮಾ ಎಂದಳು. ತುಂಬಾ ದಿನಗಳ ಮೇಲೆ ಕಣ್ಣಲ್ಲಿ ನೀರು ಬಂತು, ಬಂದದ್ದು ನಿಲ್ಲಲಿಲ್ಲ. ಬೀದಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡಿದರು. ಯಾರೂ ಆಡಿಕೊಳ್ಳಲಿಲ್ಲ. ಪರದೆಯವಳು ಬಂದು ತನ್ನ ಪರದೆ ಬಿಚ್ಚಿಕೊಂಡಳು, ಫ್ರಿಜ್ಜಿನವರು ಫ್ರಿಜ್ಜು ಹೊತ್ತರು, ಜಲಪಾತ ಮೊಳೆಯಿಂದ ಇಳಿಯಿತು. ತಾಯಿ ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಮುಖ ಕೆಂಪಾಗಿತ್ತು. ತಲೆ ಮಾತ್ರ ತಗ್ಗಿಸಲಿಲ್ಲ.

ಕೋಣೆ ಖಾಲಿಯಾಯಿತು. ಹಲಗೆಗಳು ಹೊರಗೆ ಕಂಡವು. ಕಚೇರಿಯ ಹೆಂಗಸು ಚಪ್ಪಲಿ ಬಿಟ್ಟು ಒಳಗೆ ಬಂದು, ಬರೆದಿದ್ದ ಹಾಳೆಗೆ ಅಡ್ಡಗೆರೆ ಎಳೆದು ಇನ್ನೊಂದು ಹಾಳೆ ತೆಗೆದರು. ನಾನೊಬ್ಬಳೇ ತೀರ್ಮಾನ ಮಾಡುವವಳಲ್ಲ, ಕಂಡದ್ದನ್ನು ಬರೆದುಕೊಡುತ್ತೇನೆ ಅಷ್ಟೇ ಎಂದರು. ಮತ್ತೆ ಸುತ್ತ ನೋಡಿ, ಸಂಕೋಚದಿಂದ, ಎಲ್ಲಿ ಕೂತ್ಕೊಳ್ಳಲಿ ಎಂದು ಕೇಳಿದರು.

"ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ" ಎಂದಳು ತಾಯಿ. "ಈಗ ಕಾಣ್ತಿರೋದೆಲ್ಲ ನಮ್ಮದೇ."